ಹವಾಲ್ದಾರರ ಕೆಮ್ಮಿಗೆ ನನ್ನ ಒಲೆಯೇ ಕಾರಣವೆಂದವರಿಗೆ

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿಗಳನ್ನು ತೀರ್ಮಾನಿಸುವ ಮಾನ್ಯ ಅಧ್ಯಕ್ಷರೇ,

ನನ್ನ ಒಲೆ ನಿರಪರಾಧಿ. ಇದನ್ನು ಮೊದಲ ಸಾಲಿನಲ್ಲೇ ಹೇಳುತ್ತಿದ್ದೇನೆ, ಏಕೆಂದರೆ ತಮ್ಮಂಥ ದೊಡ್ಡ ಕುರ್ಚಿಯವರು ಪತ್ರದ ಮೊದಲ ಸಾಲನ್ನಾದರೂ ಓದುತ್ತಾರೆ ಎಂದು ಕೇಳಿದ್ದೇನೆ. ನನ್ನ ಯಜಮಾನರು, ನಿವೃತ್ತ ಹವಾಲ್ದಾರ ಅಣ್ಣಾಸಾಹೇಬ, ಹಿಮದ ಚೌಕಿಗಳಲ್ಲಿ ಕಾವಲು ನಿಂತು ಬ್ರಾಂಕೈಟಿಸ್ ಎಂಬ ಎದೆರೋಗವನ್ನು ಮನೆಗೆ ತಂದರು. ಅದಕ್ಕೆ ಅಂಗವೈಕಲ್ಯ ಪಿಂಚಣಿ ಕೇಳಿದರೆ ಇಲಾಖೆ ಇಲ್ಲವೆಂದಿತು. ಮೇಲ್ಮನವಿ ಹಾಕಿದೆವು. ಮತ್ತೆ ಇಲ್ಲವೆಂದಿತು, ಈ ಸಲ ಕಾರಣವನ್ನೂ ಕೊಟ್ಟಿತು: ರೋಗವು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಗ್ರಾಮೀಣ ಹಿನ್ನೆಲೆಯ ಈ ವ್ಯಕ್ತಿಯ ಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿದ್ದು, ಅದರ ಹೊಗೆಯೇ ಕಾರಣವಾಗಿರುವ ಸಂಭವ ಹೆಚ್ಚು. ಎರಡನೆಯ ಮೇಲ್ಮನವಿ ಈಗ ತಮ್ಮ ಮೇಜಿನ ಮೇಲಿದೆ. ತಾವೂ ಇಲ್ಲವೆಂದರೆ ನಮಗೆ ಉಳಿಯುವುದು ಕೋರ್ಟಿನ ಮೆಟ್ಟಿಲು, ಮತ್ತು ನನ್ನ ಯಜಮಾನರಿಗೆ ಈಗ ಏರಲು ಆಗದಿರುವುದೇ ಮೆಟ್ಟಿಲು.

ಈ ಪತ್ರ ಕನ್ನಡದಲ್ಲಿದೆ ಎಂದು ತಾವು ಬೇಸರಪಡಬಾರದು. ತಾವು ನಮಗೆ ಇಂಗ್ಲಿಷಿನಲ್ಲಿ ಬರೆದಿರಿ, ನಾವು ಓದಬಲ್ಲವರನ್ನು ಹುಡುಕಿ ಓದಿಸಿಕೊಂಡೆವು. ಈಗ ತಮ್ಮ ಸರದಿ. ಅಷ್ಟು ದೊಡ್ಡ ಕಚೇರಿಯಲ್ಲಿ ಬೆಳಗಾವಿ ಕಡೆಯ ಒಬ್ಬನಾದರೂ ಇರದೇ ಹೋದಾನೆಯೇ?

ನಮಗೆ ಓದಿ ಹೇಳಿದವಳು ನಮ್ಮ ಮಗಳು ಭಾಗ್ಯಾ, ಮೂಡಲಗಿಯ ಶಾಲೆಯೊಂದರಲ್ಲಿ ಶಿಕ್ಷಕಿ. ನಾಗನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ಎಲ್ಲರೂ ಇದ್ದೆವು. ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ಅತ್ತೆ ಸತ್ತೆವ್ವ ಜೋಳ ಹಸನು ಮಾಡುತ್ತಿದ್ದರು. ಭಾಗ್ಯಾ ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ನನ್ನ ಮುಖ ನೋಡಿದಳು.

“ಯವ್ವಾ, ಇದರಾಗ ನಿನ್ನ ಒಲಿ ಸುದ್ದಿ ಐತಿ.”

“ನನ್ನ ಒಲಿ? ದಿಲ್ಲಿಯವರಿಗೆ ನನ್ನ ಒಲಿ ಹೆಂಗ ಗೊತ್ತಾತು?”

“ಅಪ್ಪಗ ಕೆಮ್ಮ ಹತ್ತಿದ್ದು ಅದರ ಹೊಗಿಯಿಂದನ ಅಂತ ಬರದಾರ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೊರವನ್ನು ಕೆಳಗಿಟ್ಟರು. “ಹಂಗಾರ ನಾ ಯಾವಾಗೋ ಸಾಯಬೇಕಿತ್ತಲ್ಲ ಯವ್ವಾ! ತಿಳುವಳಿಕಿ ಬಂದಾಗಿಂದ ಒಲಿ ಮುಂದ ಕುಂತೇನಿ. ಆ ಸಾಹೇಬ್ರನ್ನ ಇಲ್ಲಿ ಕರಿ, ಅವರ ಮುಂದ ಒಮ್ಮಿ ಒದರಿ ತೋರಸ್ತೇನಿ!”

ಮಾನ್ಯರೇ, ಇದನ್ನು ಬೆದರಿಕೆ ಎಂದು ತಿಳಿಯಬೇಡಿ, ಸಾಕ್ಷ್ಯ ಎಂದು ತಿಳಿಯಿರಿ. ನಮ್ಮ ಅತ್ತೆ ಹಿತ್ತಲಲ್ಲಿ ನಿಂತು ಕೂಗಿದರೆ ಕಾಲುವೆಯ ಆಚೆ ಮೇಯುವ ಎಮ್ಮೆ ತಲೆ ಎತ್ತುತ್ತದೆ. ನಾನೂ ಕಡಿಮೆಯವಳಲ್ಲ. ಮದುವೆ ಮನೆಗಳಲ್ಲಿ ಬೀಸುವ ಪದ ಹಾಡಲು ಕೂತರೆ ಮೊದಲು ದಣಿಯುವವರು ಕೇಳುವವರು. ಹಗಲೂ ರಾತ್ರಿ ಆ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರ ಎದೆ ಹೀಗೆ ಗಟ್ಟಿಯಾಗಿರುವಾಗ, ಆ ಹೊಗೆ ನಮ್ಮಿಬ್ಬರನ್ನೂ ಬಿಟ್ಟು, ಮಗಳನ್ನೂ ಬಿಟ್ಟು, ಒಲೆಯ ಬೂದಿಯಲ್ಲೇ ಮಲಗುವ ಬೆಕ್ಕನ್ನೂ ಬಿಟ್ಟು, ವರ್ಷಕ್ಕೊಮ್ಮೆ ರಜೆಗೆ ಬರುವ ಸೈನಿಕನ ಎದೆಯನ್ನೇ ಹುಡುಕಿಕೊಂಡು ಹೋಯಿತೇ? ಒಲೆಯ ಹೊಗೆಗೆ ಅಷ್ಟು ದೇಶಭಕ್ತಿ ಎಲ್ಲಿಂದ ಬಂತು?

ಇನ್ನೂ ಒಂದು ಮಾತು. ಆ ಸೈನಿಕರು ರಜೆಗೆ ಬಂದರೂ ಒಲೆಯ ಹತ್ತಿರ ಸುಳಿದವರಲ್ಲ. ಗಡಿಯ ಪ್ರತಿ ಕಲ್ಲನ್ನೂ ಗುರುತು ಹಿಡಿಯುವ ಅವರಿಗೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಪಡಸಾಲೆಯಲ್ಲಿ ಕೂತು “ರೊಟ್ಟಿ ಆತೇನ?” ಎಂದು ಕೇಳಿದವರಿಗೆ ಬ್ರಾಂಕೈಟಿಸ್ ಬರುವುದಾದರೆ ನಮ್ಮ ತಾಲ್ಲೂಕಿನ ಗಂಡಸರೆಲ್ಲ ಇಷ್ಟೊತ್ತಿಗೆ ಆಸ್ಪತ್ರೆಯಲ್ಲಿರಬೇಕಿತ್ತು.

ಹಾಗಾದರೆ ತಮ್ಮ ಕಡತಕ್ಕೆ ನನ್ನ ಒಲೆ ಹೇಗೆ ಬಂತು? ಇದನ್ನು ಯಜಮಾನರ ಬಾಯಿಂದ ಬಿಡಿಸಲು ನನಗೆ ಸಾಕುಬೇಕಾಯಿತು. ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿಯ ಮುಂದೆ ಹೋದಾಗ ಅಲ್ಲಿದ್ದ ಡಾಕ್ಟರ್ ಸಾಹೇಬರು ನಗುತ್ತ, ಮನೆಯಲ್ಲಿ ಅಡುಗೆ ಯಾವುದರ ಮೇಲೆ ಮಾಡುತ್ತಾರೆ ಎಂದು ಕೇಳಿದರಂತೆ. ಇವರು ಎದೆ ಸೆಟೆಸಿ, ಗ್ಯಾಸ್ ಇದೆ ಸಾಹೇಬರೇ, ಆದರೆ ರೊಟ್ಟಿ ಮಾತ್ರ ಒಲೆಯ ಮೇಲೆಯೇ; ನಮ್ಮ ಮನೆಯವಳು ಒಲೆಯ ಮೇಲೆ ಬೇಯಿಸಿದ ರೊಟ್ಟಿಯ ರುಚಿ ಇಡೀ ಹಿಂದುಸ್ತಾನದಲ್ಲಿ ಎಲ್ಲೂ ಇಲ್ಲ, ಎಂದರಂತೆ. ನನ್ನನ್ನು ಮದುವೆಯಾದಾಗಿನಿಂದ ನನ್ನ ರೊಟ್ಟಿಯನ್ನು ಅವರು ಹೊಗಳಿದ್ದು ಅದೊಂದೇ ಸಲ. ಅದೂ ನನ್ನ ಬೆನ್ನ ಹಿಂದೆ. ಅದನ್ನೂ ತಾವು ಸುಮ್ಮನೆ ಬಿಡಲಿಲ್ಲ, ರೋಗದ ಕಾರಣ ಎಂದು ಬರೆದುಕೊಂಡಿರಿ. ಹೆಂಡತಿಯನ್ನು ಹೊಗಳಿದ ತಪ್ಪಿಗೆ ಪಿಂಚಣಿ ಕಳೆದುಕೊಂಡ ಮೊದಲ ಹವಾಲ್ದಾರರು ಇವರೇ ಇರಬೇಕು.

ಈಗ ಇನ್ನೊಂದು ಒಲೆಯ ವಿಚಾರಕ್ಕೆ ಬರುತ್ತೇನೆ. ಅದರ ಹೆಸರು ತಮ್ಮ ಉತ್ತರದಲ್ಲಿ ಎಲ್ಲಿಯೂ ಇಲ್ಲ. ಹಿಮ ಬೀಳುವ ಎತ್ತರದ ಬಂಕರುಗಳಲ್ಲಿ ಚಳಿ ಕಾಯಿಸಲು ಸೀಮೆಎಣ್ಣೆಯ ಒಂದು ತಗಡಿನ ಒಲೆ ಇಡುತ್ತಾರೆ, ಅದಕ್ಕೆ ಬುಖಾರಿ ಎನ್ನುತ್ತಾರೆ. ನನ್ನ ಒಲೆಗೆ ಮೇಲೆ ಬೆಳಕಿಂಡಿ ಇದೆ, ಪಕ್ಕದಲ್ಲಿ ಕಿಟಕಿ ಇದೆ, ಹಿತ್ತಲ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಬುಖಾರಿಗೆ ಏನಿತ್ತು? ಒಮ್ಮೆ ರಜೆಯಲ್ಲಿ ಕೇಳಿದ್ದೆ. ಅವರು ಹೇಳಿದ್ದು ಇಷ್ಟೇ:

“ಹೊರಗ ಬರ್ಫ, ಒಳಗ ಬುಖಾರಿ. ಬಾಗಲಾ ತಗದ್ರ ಥಂಡಿಗಿ ಸಾಯ್ತಿದ್ವಿ, ಹಾಕಿದ್ರ ಹೊಗಿಗಿ. ಹಾಕ್ಕೊಂಡ ಮಲಗತಿದ್ವಿ. ಹೊಗಿ ಸಾವಕಾಶ ಕೊಲ್ತೈತಲ್ಲ, ಅಷ್ಟೊತ್ತಿಗಿ ರಜಾ ಸಿಗತೈತಿ.”

ಹೇಳಿ ನಕ್ಕರು. ನಾನೂ ನಕ್ಕೆ, ಆಗ ನನಗೆ ಅದರ ಅರ್ಥ ಆಗಿರಲಿಲ್ಲ. ಅವರು ಹೇಳಿದ್ದಕ್ಕಿಂತ ಹೆಚ್ಚು ಹೇಳಿದ್ದು ಅವರ ಬಟ್ಟೆ. ಘಟಪ್ರಭಾ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಮನೆಗೆ ಬಂದ ಮರುದಿನ ಅವರ ಉಣ್ಣೆಯ ಬಟ್ಟೆಗಳನ್ನು ಕಾಲುವೆಗೆ ಒಯ್ದು ನೆನೆಹಾಕಿದರೆ ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು. ಕರವಸ್ತ್ರಗಳು ಮಸಿ ಅರಿವೆಯಂತೆ ಇರುತ್ತಿದ್ದವು. ಪಕ್ಕದ ಕಲ್ಲಿನ ಮೇಲೆ ಒಗೆಯುತ್ತಿದ್ದ ಕೆಂಪವ್ವ, “ನಿನ್ನ ಗಂಡ ದಂಡಿನ್ಯಾಗ ಅದಾನೋ, ಗಿರಣಿ ಚಿಮಣಿ ಬಳೀತಾನೋ?” ಎಂದು ಕೇಳುತ್ತಿದ್ದಳು. ಹಾಗಾದರೆ ಎರಡು ಒಲೆಗಳಿದ್ದ ಈ ಮೊಕದ್ದಮೆಯಲ್ಲಿ ನನ್ನ ಒಲೆಯೊಂದಕ್ಕೇ ಶಿಕ್ಷೆ ಏಕೆ? ತಮ್ಮ ಒಲೆ ಸರಕಾರಿ ನೌಕರಿಯಲ್ಲಿತ್ತು ಎಂದೇ?

ತಾವು ದಂಡಿಗೆ ಸೇರಿಸಿಕೊಳ್ಳುವ ದಿನ ನನ್ನ ಯಜಮಾನರ ಎದೆಯನ್ನು ಟೇಪು ಹಿಡಿದು ಅಳೆದಿದ್ದಿರಿ. ಉಸಿರು ಎಳೆದು ಉಬ್ಬಿಸು ಎಂದಿರಿ, ಉಬ್ಬಿಸಿದರು. ಓಡಿಸಿದಿರಿ, ಓಡಿದರು. ಕಿವಿ, ಕಣ್ಣು, ಹಲ್ಲು, ಅಂಗಾಲು ಎಲ್ಲ ನೋಡಿ, ಒಂದು ಕುಂದೂ ಇಲ್ಲ ಎಂದು ಒಪ್ಪಿ ಕರೆದೊಯ್ದಿರಿ. ನಮ್ಮ ಊರಿನಲ್ಲಿ ಮದುವೆಗಳಿಗೆ ಸಮಾಜದ ದೊಡ್ಡ ಭಾಂಡೆಗಳನ್ನು ಒಯ್ಯುವ ರೂಢಿ ಇದೆ. ಒಯ್ಯುವವರು ಪ್ರತಿ ಪಾತ್ರೆಯನ್ನೂ ಬಡಿದು, ತಿರುಗಿಸಿ ನೋಡಿ ಒಯ್ಯುತ್ತಾರೆ. ತಿರುಗಿ ತಂದಾಗ ನೆಗ್ಗಿದ್ದರೆ ನೆಟ್ಟಗೆ ಮಾಡಿಸಿ ಕೊಡುತ್ತಾರೆ. ಇದು ನಿಮ್ಮ ಮನೆಯ ಗಾಳಿಗೆ ನೆಗ್ಗಿದ್ದು ಎಂದು ಹೇಳಿದವರು ನಮ್ಮ ಊರಿನಲ್ಲಿ ಇದುವರೆಗೆ ಹುಟ್ಟಿಲ್ಲ. ಹುಟ್ಟಿದರೆ ಅವರ ಮನೆಯ ಮುಂದಿನ ಮದುವೆಗೆ ಭಾಂಡೆ ಸಿಗುವುದಿಲ್ಲ.

ತಮ್ಮ ಉತ್ತರದಲ್ಲಿ ಇನ್ನೊಂದು ವಾಕ್ಯವಿದೆ. ಪರೀಕ್ಷೆಯ ಸಮಯದಲ್ಲಿ ವ್ಯಕ್ತಿಯು ತಾನು ಆರಾಮವಾಗಿರುವುದಾಗಿ ತಾನೇ ತಿಳಿಸಿರುತ್ತಾನೆ ಮತ್ತು ಕೆಮ್ಮು ಕಂಡುಬಂದಿರುವುದಿಲ್ಲ. ಈ ವಾಕ್ಯ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಮಂಡಳಿಯ ಪರೀಕ್ಷೆ ಮುಗಿಸಿ ಮನೆಗೆ ಬಂದವರನ್ನು ನಾನು ಬಾಗಿಲಲ್ಲೇ ಹಿಡಿದು ಕೇಳಿದ್ದೆ.

“ಏನ ಕೇಳಿದ್ರು?”

“ಹೆಂಗದೀ ಅಂತ ಕೇಳಿದ್ರು.”

“ನೀವ ಏನಂದ್ರಿ?”

“ಏನಂತಾರ ಮತ್ತ? ಆರಾಮ ಅದೇನ್ರಿ ಅಂದ್ನಿ.”

“ಕೆಮ್ಮ?”

“ಅಷ್ಟ ದೊಡ್ಡ ಸಾಹೇಬ್ರ ಮುಂದ ಕೆಮ್ಮತಾರೇನ? ಹೊರಗ ಬಂದ ಗಿಡದ ಬುಡಕ ಕುಂತ ಕೆಮ್ಮಿದ್ನಿ.”

ಮಾನ್ಯರೇ, ತಮಗೆ ನಮ್ಮ ಕಡೆಯ ರೀತಿ ಗೊತ್ತಿಲ್ಲ, ಗೊತ್ತಿರಬೇಕು ಎಂದೂ ಇಲ್ಲ, ಆದ್ದರಿಂದ ಹೇಳುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ತಾಲ್ಲೂಕಿಗಾದರೂ ಹೋಗಿ, ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ. ಆರಾಮ ಎನ್ನುತ್ತಾರೆ. ಹುಕ್ಕೇರಿಯ ನನ್ನ ತವರಿನಲ್ಲಿ ಸೋದರತ್ತೆ ಕಾಡವ್ವ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದಾಗ ನಾನು ನೋಡಲು ಹೋಗಿದ್ದೆ. “ಆರಾಮ ಅದೀಯೇನ ಬೇ ಅತ್ತಿ?” ಎಂದೆ. “ಹೂಂ, ಆರಾಮ ಅದೇನಿ. ಕಾಲೊಂದ ಮುರದೈತಿ,” ಎಂದಳು. ಇದು ಸುಳ್ಳಲ್ಲ, ಮರ್ಯಾದೆ. ಬಾಗಿಲಲ್ಲಿ ನಿಂತು ಕೇಳಿದವರ ಕೈಗೆ ನಮ್ಮ ಕಷ್ಟವನ್ನು ಮೊದಲ ಮಾತಿಗೇ ಕೊಡಬಾರದು. ಅವರು ಒಳಗೆ ಬಂದು ಕೂರಬೇಕು, ನೀರು ಕುಡಿಯಬೇಕು, ಚಹಾ ಆಗಬೇಕು. ಚಹಾದ ಬಸಿಯನ್ನು ಕೆಳಗಿಟ್ಟು, “ಮತ್ತ, ಖರೆ ಹೇಳ, ಹೆಂಗ ನಡದೈತಿ?” ಎಂದು ಎರಡನೆಯ ಸಲ ಕೇಳಬೇಕು. ಆಗ ನೋಡಿ, ಕೇಳಿದವರೇ ಎದ್ದು ಹೋಗುತ್ತೇನೆ ಎನ್ನುವವರೆಗೆ ಹೇಳುತ್ತೇವೆ. ತಮ್ಮ ಮಂಡಳಿ ಮೊದಲನೆಯ ಪ್ರಶ್ನೆಯನ್ನಷ್ಟೇ ಕೇಳಿತು. ಚಹಾ ಕೊಡಲಿಲ್ಲ, ಎರಡನೆಯ ಸಲ ಕೇಳಲಿಲ್ಲ. ನಮ್ಮ ಕಡೆ ಇದಕ್ಕೆ ವಿಚಾರಣೆ ಎನ್ನುವುದಿಲ್ಲ, ದಾರಿಯಲ್ಲಿ ಭೇಟಿಯಾದದ್ದು ಎನ್ನುತ್ತೇವೆ.

ಇದನ್ನು ಸರಿಪಡಿಸಲು ನಾವು ಪ್ರಯತ್ನ ಮಾಡಲಿಲ್ಲ ಎಂದಲ್ಲ. ನಮ್ಮ ಓಣಿಯ ಕೆಂಚಪ್ಪನವರೂ ದಂಡಿನಲ್ಲಿದ್ದವರು. ಮೊಣಕಾಲಿನ ಗಾಯಕ್ಕೆ ಅವರಿಗೆ ಪಿಂಚಣಿ ಸಿಕ್ಕಿದೆ, ಆದ್ದರಿಂದ ಈ ವಿಷಯದಲ್ಲಿ ಊರಿಗೆಲ್ಲ ಅವರೇ ವಕೀಲರು. ಎರಡನೆಯ ಮೇಲ್ಮನವಿಗೆ ಕರೆ ಬಂದರೆ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸಲು ಒಂದು ಸಂಜೆ ನಮ್ಮ ಕಟ್ಟೆಗೆ ಬಂದರು. ನನ್ನ ಕನ್ನಡಕ ಇಸಿದುಕೊಂಡು ಮೂಗಿನ ಮೇಲೆ ಇಳಿಬಿಟ್ಟು ಕುರ್ಚಿಯಲ್ಲಿ ಡಾಕ್ಟರರಾಗಿ ಕೂತರು. ಯಜಮಾನರು ಎದುರಿಗೆ ನಿಂತರು.

“ಹೂಂ, ಹವಾಲ್ದಾರ, ಹೆಂಗದೀ?”

“ಆರಾಮ ಅದೇನ್ರಿ ಸಾಹೇಬ್ರ.”

“ಲೇ ಅಣ್ಣಾಸಾಬ! ಹಂಗ ಅನಬ್ಯಾಡ ಅಂತ ಈಗರೆ ಹೇಳೇನಿ!”

“ಮತ್ತೇನನ್ಲಿ? ಕೇಳಿದವರ ಮುಂದ ಹೊಯ್ಕೊಳ್ಳಲೇನ?”

“ಹೊಯ್ಕೊ! ಅದಕ್ಕ ಕರದಿರ್ತಾರ. ಹೋಗಲಿ, ಒಮ್ಮಿ ಕೆಮ್ಮಿ ತೋರಸ.”

ಯಜಮಾನರು ಗಂಟಲು ಸರಿಮಾಡಿಕೊಂಡರು, ಆಕಾಶ ನೋಡಿದರು, ನೆಲ ನೋಡಿದರು. “ಬರವಲ್ದು,” ಎಂದರು.

“ಇಡೀ ಓಣಿ ನಿದ್ದಿ ಕೆಡಸಾಂವಾ, ಈಗ ಬರವಲ್ದಂತ!”

ಒಳಗಿನಿಂದ ಅತ್ತೆ, “ಯಪ್ಪಾ ಕೆಂಚಪ್ಪಾ, ಅವಗ ಬರಲಿಲ್ಲಂದ್ರ ನಾ ಕೆಮ್ಮಿ ಕೊಡ್ಲೇನೋ?” ಎಂದರು.

ಅದಕ್ಕೆ ಯಜಮಾನರಿಗೆ ನಗು ಬಂತು. ನಗು ಒಂದು ತುದಿಗೆ ಹೋಗಿ ಕೆಮ್ಮಾಯಿತು. ಕೆಂಚಪ್ಪನವರು ತೊಡೆ ತಟ್ಟಿ, “ಹಾಂ, ಹಿಂಗ! ಹಿಂಗ ಕೆಮ್ಮ!” ಎಂದರು. ಕೆಮ್ಮು ನಿಲ್ಲಲಿಲ್ಲ. ಯಜಮಾನರು ಕಂಬ ಹಿಡಿದುಕೊಂಡರು, ಆಮೇಲೆ ಕುಕ್ಕರಿಸಿದರು. ಮುಖ ಕಪ್ಪಾಗಿ, ಕಣ್ಣಲ್ಲಿ ನೀರು ತುಂಬಿ, ಒಳಗೆ ಹೋಗದ ಉಸಿರಿಗಾಗಿ ಬಾಯಿ ತೆರೆದರು. ನಾನು ಗೋಕಾಕದ ಡಾಕ್ಟರರು ಕೊಟ್ಟ ಉಸಿರಿನ ಪಂಪು ತಂದು ಬಾಯಿಗೆ ಹಿಡಿದೆ. ಎಲ್ಲ ತಣ್ಣಗಾಗುವ ಹೊತ್ತಿಗೆ ಕೆಂಚಪ್ಪನವರು ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟಿದ್ದರು. ಚಹಾ ಕುಡಿಯದೆ ಎದ್ದು ಹೋದರು. ಅವರು ನಮ್ಮ ಮನೆಯಲ್ಲಿ ಚಹಾ ಬಿಟ್ಟು ಹೋದದ್ದು ನಾನು ನೋಡಿರಲಿಲ್ಲ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಅತ್ತರೆ ಸರಕಾರಿ ಕಚೇರಿಗಳಲ್ಲಿ ಕಾಗದ ಒದ್ದೆಯಾಗುತ್ತದೆಯೇ ಹೊರತು ಮುಂದೆ ಸರಿಯುವುದಿಲ್ಲ ಎಂದು ನನಗೆ ಗೊತ್ತು. ಆದರೆ ಒಂದು ಮಾತನ್ನು ನಗದೆ ಹೇಳುತ್ತೇನೆ. ನಿವೃತ್ತರಾಗಿ ಬಂದಾಗಿನಿಂದ ಊರಿನ ಶಾಲೆಯಲ್ಲಿ ಗಣರಾಜ್ಯೋತ್ಸವದ ದಿನ ಧ್ವಜದ ಮುಂದೆ ಮಕ್ಕಳಿಗೆ ಆಜ್ಞೆ ಕೊಡುವವರು ನನ್ನ ಯಜಮಾನರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಪದಕ. ಅವರು “ಸಾವಧಾನ್” ಎಂದರೆ ಮಕ್ಕಳಷ್ಟೇ ಅಲ್ಲ, ಗೇಟಿನ ಹೊರಗೆ ಬೀಡಿ ಸೇದುವವರೂ ನೆಟ್ಟಗೆ ನಿಲ್ಲುತ್ತಿದ್ದರು. ಈ ಜನವರಿಯಲ್ಲಿ ಅವರು “ಸಾವ” ಎಂದರು, ಮುಂದಿನದು ಬರಲಿಲ್ಲ. ಮಕ್ಕಳು ಕಾದರು. ದೈಹಿಕ ಶಿಕ್ಷಕಿ ಮೆಲ್ಲಗೆ ಮುಂದೆ ಬಂದು ಉಳಿದದ್ದನ್ನು ಹೇಳಿದಳು. ಯಾರೂ ನಗಲಿಲ್ಲ. ಮನೆಗೆ ಬಂದು ಪದಕವನ್ನು ಡಬ್ಬಿಯಲ್ಲಿಟ್ಟು, “ಮುಂದಿನ ಸಲ ಅಕೀನ ಹೇಳ್ಲಿ, ಅಕಿ ದನಿ ಚೊಲೊ ಐತಿ,” ಎಂದರು. ಅವತ್ತು ಆದ ಸಂಕಟವನ್ನು ಬರೆಯಲು ನನಗೆ ಬರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಕೇವಲ ಕಾಗದ ನೋಡಿ ತೀರ್ಮಾನ ಬರೆಯಬೇಡಿ, ನನ್ನ ಯಜಮಾನರನ್ನು ಕರೆಯಿರಿ. ಕರೆದರೆ ನನ್ನನ್ನೂ ಒಳಗೆ ಬಿಡಿ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿದರೆ ನಾನು ಅಲ್ಲಿಂದಲೇ ಮಾತಾಡುತ್ತೇನೆ, ನನ್ನ ಎದೆಯ ಬಗ್ಗೆ ಮೇಲೆ ತಿಳಿಸಿದ್ದೇನೆ. ಮೊದಲು ಅವರನ್ನು ಕೂರಿಸಿ, ಚಹಾ ಕೊಡಿ, ಎರಡನೆಯ ಸಲ ಕೇಳಿ. ಕೆಮ್ಮಿದರೆ ಅದು ಅವಿಧೇಯತೆ ಅಲ್ಲ ಎಂದು ಒಂದು ಆದೇಶ ಹೊರಡಿಸಿ, ಆದೇಶವಿದ್ದರೆ ಅವರು ಪಾಲಿಸುತ್ತಾರೆ. ಆ ಚೌಕಿಯ ಬುಖಾರಿಯನ್ನೂ ಕಡತಕ್ಕೆ ತನ್ನಿ. ರೋಗ ಸೇವೆಯಿಂದ ಬಂದದ್ದು ಎಂದು ಬರೆಯಿರಿ. ನಮ್ಮ ಒಲೆಯ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿ.

ತಮಗೂ, ತೆರೆದ ಪತ್ರವಾಗಿ ಪತ್ರಿಕೆಗೂ ಕಳಿಸುವ ಮೊದಲು ಇದನ್ನು ಯಜಮಾನರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಸಾಹೇಬ್ರಿಗೆ ಹಿಂಗೆಲ್ಲಾ ಬರೀತಾರೇನ? ಪಾಪ, ಅವರೂ ಡ್ಯೂಟಿ ಮಾಡ್ಯಾರ.”

“ನೀವೂ ಮಾಡೀರಿ,” ಎಂದೆ.

ಅವರು ಕಣ್ಣು ತೆರೆದರು. “ಹಂಗಾರ ಕಳಸ,” ಎಂದರು.

ಕಳಿಸುತ್ತಿದ್ದೇನೆ. ಮಾನ್ಯರೇ, ವಿಚಾರಣೆಯ ದಿನವನ್ನು ಬೇಗ ಗೊತ್ತುಮಾಡಿ. ಘಟಪ್ರಭಾದಲ್ಲಿ ರೈಲು ಹತ್ತಲು ಅವರಿಗೆ ಇನ್ನೂ ಉಸಿರಿದೆ, ನಡುನಡುವೆ ನಿಂತರೆ ಸಾಕು. ತಡವಾದರೆ ಬರುವವಳು ನಾನೊಬ್ಬಳೇ. ಆಗ ತಮ್ಮ ಕುಟುಂಬ ಪಿಂಚಣಿಯ ನಿಯಮಗಳು ನನ್ನ ಮೇಲೆ ಬಹಳ ಕರುಣೆ ತೋರಿಸುತ್ತವೆ ಎಂದು ಕೆಂಚಪ್ಪನವರು ಹೇಳಿದ್ದಾರೆ. ಆ ಕರುಣೆ ನನಗೆ ಬೇಡ. ನಾನು ಕೇಳುತ್ತಿರುವುದು ಹೆಂಡತಿಯಾಗಿ, ಉತ್ತರವನ್ನು ವಿಧವೆಯ ಕೈಗೆ ಕೊಡಬೇಡಿ.

ಇಂತಿ,
ತಮ್ಮ ದಾಖಲೆಗಳಲ್ಲಿ ಹವಾಲ್ದಾರರ ಅವಲಂಬಿತಳೆಂದು ನಮೂದಾಗಿರುವ, ಈಗ ಮೆಟ್ಟಿಲು ಬಂದಾಗಲೆಲ್ಲ ಹವಾಲ್ದಾರರೇ ತನ್ನ ಹೆಗಲನ್ನು ಅವಲಂಬಿಸುವ,
ಅನ್ನಪೂರ್ಣಾ ಅಣ್ಣಾಸಾಹೇಬ
ನಾಗನೂರ